ಟೈಲರ್ ಮನೆಯೊಳಗೆ ನಿಂತ ಸೈಕಲ್

ಬೆಳಗಿನ ಬಸ್ಸಿನ ಕಥೆ ಆ ಬಡಾವಣೆಯವರಿಗೆಲ್ಲ ಗೊತ್ತಿದ್ದದ್ದೇ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಕಾಲಿಡಲು ಜಾಗವಿರುತ್ತಿರಲಿಲ್ಲ. ನರ್ಸಿಂಗ್ ಓದುತ್ತಿದ್ದ ಟೈಲರ್ ಮಗಳು ಇದರ ದೆಸೆಯಿಂದ ದಿನಾ ತಡ. ಕಾಲೇಜಿನ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಪ್ರಾಕ್ಟಿಕಲ್ ಪರೀಕ್ಷೆ ದಿನ ಬಾಗಿಲು ಹಾಕಿದ ಮೇಲೆ ಬಂದ್ರೆ ಒಳಗೆ ಬಿಡಲ್ಲ. ಈ ವರ್ಷ ಹೋಯ್ತು ಅಂತ ತಿಳ್ಕೋ."

ಮಗಳ ಗೆಳತಿಯೊಬ್ಬಳಿದ್ದಳು. ಬಾಯಿಗೆ ಬಿಡುವೇ ಇಲ್ಲದ ಅವಳನ್ನು ಎಲ್ಲರೂ ಗಿಳಿ ಎಂದೇ ಕರೆಯುತ್ತಿದ್ದರು.

"ಅಂಕಲ್, ಬೀದಿ ಕೊನೇಲಿ ಹಸಿರು ಬಾಡಿಗೆ ಸೈಕಲ್ ನಿಂತಿರುತ್ತಲ್ಲ, ಅದು ನಮಗೇ! ಕಾಲೇಜಿನ ಗುರುತಿನ ಚೀಟಿ ಇದ್ರೆ ರಿಯಾಯಿತಿ ಬೇರೆ. ಫೋನಲ್ಲಿ ಹೆಸರು ನೋಂದಾಯಿಸಿ, ಸೈಕಲ್ ಮೇಲಿನ ಕೋಡ್ ಸ್ಕ್ಯಾನ್ ಮಾಡಿದ್ರೆ ಬೀಗ ತಾನೇ ತೆರ್ಕೊಳ್ಳುತ್ತೆ. ಕಾಲೇಜ್ ಗೇಟ್ ಹತ್ರಾನೂ ಸ್ಟ್ಯಾಂಡ್ ಇದೆ!"

ಟೈಲರ್ ಮೆಷಿನ್ ನಿಲ್ಲಿಸಲೇ ಇಲ್ಲ. "ಯಾರದೋ ಸೈಕಲ್ಲು. ಬ್ರೇಕ್ ಹಿಡೀದಿದ್ರೆ? ಕಳೆದುಹೋದ್ರೆ ನಮ್ಮ ತಲೆಗೇ ಕಟ್ತಾರೆ."

"ಹತ್ತೋಕೆ ಮುಂಚೆ ಬ್ರೇಕ್ ಒತ್ತಿ, ಟೈರಿನ ಗಾಳಿ ನೋಡಿ, ಸೀಟು ಸರಿ ಮಾಡ್ಕೋಬೇಕು ಅಂಕಲ್. ಕೆಟ್ಟಿದ್ರೆ ಆ್ಯಪಲ್ಲಿ ದೂರು ಕೊಟ್ಟು ಬೇರೇದು ತಗೊಳ್ಳೋದು. ಹೆಲ್ಮೆಟ್ ಮಾತ್ರ ನಮ್ಮದು."

ಟೈಲರ್ ಗೊಣಗಿದ, ಆದರೆ ಬೇಡ ಎನ್ನಲಿಲ್ಲ. ಪರೀಕ್ಷೆಯ ಹಿಂದಿನ ದಿನ ಮಗಳು ಸೈಕಲ್ ಹತ್ತಿಯೇ ಬಿಟ್ಟಳು. ಸಂಜೆ ಬಾಗಿಲಲ್ಲೇ ಕೂಗಿದಳು: "ಅಪ್ಪಾ! ಬಸ್ಸಿಗಿಂತ ಮೊದ್ಲೇ ಕಾಲೇಜಲ್ಲಿದ್ದೆ! ತಾಳು, ನೀರು ಕುಡಿದು ಇದನ್ನ ಸ್ಟ್ಯಾಂಡಿಗೆ ಬಿಟ್ಟು ಬರ್ತೀನಿ."

"ನಾಳೆ ಬೇಕಲ್ಲ? ಇಲ್ಲೇ ಇರ್ಲಿ. ನೀನು ಓದ್ಕೋ ಹೋಗು."

ಗಿರಾಕಿಯ ಒಂದು ಗುಂಡಿಯನ್ನೂ ಹೊರಗೆ ಬಿಟ್ಟವನಲ್ಲ ಈ ಟೈಲರ್. ಅಂಥವನು ಸೈಕಲ್ ಬಿಡುತ್ತಾನೆಯೇ? ಒಳಗೆ ತಳ್ಳಿಕೊಂಡು ಬಂದ, ಒರೆಸಿದ, ಬೀಗ ಒತ್ತಿದ, ಮೇಲೊಂದು ಬಟ್ಟೆಯನ್ನೂ ಹೊದಿಸಿದ. ಮಗಳು ಪುಸ್ತಕದಲ್ಲಿ ಮುಳುಗಿದ್ದಳು.

ಬೆಳಗ್ಗೆ ಸ್ಕ್ಯಾನ್ ಮಾಡಿದರೆ ಜಪ್ಪಯ್ಯ ಅಂದರೂ ಬೀಗ ತೆರೆಯಲಿಲ್ಲ. ಫೋನಿನಲ್ಲಿ ಬಂತು: ಹಿಂದಿನ ಸವಾರಿ ಮುಗಿದಿಲ್ಲ, ಖಾತೆ ತಡೆಹಿಡಿಯಲಾಗಿದೆ.

"ಅಪ್ಪಾ, ನನ್ನ ಪರೀಕ್ಷೆ!" ಮಗಳ ಕಣ್ಣಲ್ಲಿ ನೀರು. ಟೈಲರ್ ಬೀಗವನ್ನೇ ಹಿಡಿದು ಎಳೆದಾಡಿದ.

ಅಷ್ಟರಲ್ಲಿ ಇನ್ನೊಂದು ಸೈಕಲ್ ಏರಿ ಗಿಳಿ ಬಂದಳು. "ಅಯ್ಯೋ ಅಂಕಲ್! ಮನೇಲಿ ಬೀಗ ಹಾಕಿದ್ರೆ ಸವಾರಿ ಮುಗಿಯಲ್ಲ. ಸ್ಟ್ಯಾಂಡಿನ ಕೊಂಡಿಗೆ ಸಿಕ್ಕಿಸಬೇಕು!" ಹ್ಯಾಂಡಲ್ ಮೇಲಿನ ಸಹಾಯವಾಣಿಗೆ ಫೋನ್ ಮಾಡಿಯೇ ಬಿಟ್ಟಳು. ಉತ್ತರ ಬಂತು: ಸ್ಟ್ಯಾಂಡಿಗೆ ಸೇರಿಸಿ, ಕೂಡಲೇ ಖಾತೆ ತೆರೆಯುತ್ತೇವೆ.

ಟೈಲರ್ ಹಿಂದಿನ ಚಕ್ರ ಎತ್ತಿ ಹಿಡಿದವನೇ ಓಡಿದ ನೋಡಿ! ಕೊರಳಲ್ಲಿ ಅಳತೆ ಟೇಪು, ಕಾಲಲ್ಲಿ ಒಂದೇ ಚಪ್ಪಲಿ. ಹಿಂದೆ ಮಗಳು, ಗಿಳಿ. ಬೀದಿಯೇ ದಾರಿ ಬಿಟ್ಟಿತು.

ಸ್ಟ್ಯಾಂಡ್ ಖಾಲಿ. ಹೋಟೆಲ್ ಸಮವಸ್ತ್ರ ತೊಟ್ಟ ಯುವತಿಯೊಬ್ಬಳು ಸೈಕಲ್‌ಗಾಗಿ ಕಾಯುತ್ತಿದ್ದಳು. "ಓ, ಇದಾ? ನಿನ್ನೆ ಆ್ಯಪಲ್ಲಿ ಇಲ್ಲೇ ಎಲ್ಲೋ ಇದೆ ಅಂತಿತ್ತು. ಹುಡುಕಿ ಹುಡುಕಿ ಸಾಕಾಯ್ತು. ಸಂಜೆ ಕಾಲೇಜಿನ ಪಾಠವೇ ತಪ್ಪಿಹೋಯ್ತು."

ಟೈಲರ್ ಮುಖ ಸಣ್ಣದಾಯಿತು. ಜೋಪಾನ ಮಾಡಿದೆ ಎಂದುಕೊಂಡಿದ್ದ, ಮಾಡಿದ್ದು ಇನ್ನೊಬ್ಬಳ ಓದಿಗೆ ಕಲ್ಲು ಹಾಕುವ ಕೆಲಸ. "ತಪ್ಪಾಯ್ತು ತಾಯಿ. ಇವಳಿಗೆ ಇವತ್ತು ಪರೀಕ್ಷೆ..."

"ಪರೀಕ್ಷೆನಾ? ಅಯ್ಯೋ, ಮೊದ್ಲು ಅವರು ಹೋಗ್ಲಿ! ನಾನು ಇನ್ನೊಂದು ಬರೋವರೆಗೂ ಕಾಯ್ತೀನಿ."

ಕೊಂಡಿ ಟಕ್ ಎಂದಿತು. ಖಾತೆ ತೆರೆಯಿತು. ಗೆಳತಿಯರಿಬ್ಬರೂ ರಸ್ತೆಯ ಎಡಕ್ಕೇ ಅಂಟಿಕೊಂಡು, ಸಿಗ್ನಲ್ ಮುರಿಯದೆ, ಪೆಡಲ್ ತುಳಿದದ್ದೇ ತುಳಿದದ್ದು.

ಮಧ್ಯಾಹ್ನ ಫೋನ್ ಬಂತು. "ಅಪ್ಪಾ, ಮೇಡಂ ಬಾಗಿಲಿಗೆ ಕೈ ಹಾಕಿದ್ರು, ಅಷ್ಟರಲ್ಲಿ ಒಳಗೆ ನುಗ್ಗಿದೆ! ಪರೀಕ್ಷೆ ಸೊಗಸಾಗಿ ಆಯ್ತು!" ಟೈಲರ್ ಅಂಗಡಿಯಲ್ಲಿದ್ದವರಿಗೆಲ್ಲ ಹೇಳಿದ, ಕೇಳದವರಿಗೂ ಹೇಳಿದ.

ಸಂಜೆ ಮಗಳು ಬರುವ ಹೊತ್ತಿಗೆ ಅವನು ಸ್ಟ್ಯಾಂಡಿನಲ್ಲೇ ಹಾಜರು. ಸೈಕಲ್ಲನ್ನು ತಾನೇ ಕೊಂಡಿಗೆ ಸಿಕ್ಕಿಸಿ, ಸವಾರಿ ಮುಗಿದಿದೆ ಎಂದು ಫೋನಿನಲ್ಲಿ ಕಣ್ಣಾರೆ ನೋಡಿದ. ಅಷ್ಟರಲ್ಲಿ ಆ ಯುವತಿ ಪುಸ್ತಕದ ಚೀಲ ಹೊತ್ತು ಬಂದಳು.

"ತಗೋಮ್ಮ, ನಿನಗೇ ಕಾಯ್ತಿದೆ," ಎಂದ ಟೈಲರ್. "ಬ್ರೇಕ್ ಒತ್ತಿ ನೋಡ್ಕೊಂಡು ಹೋಗು." ಅವಳು ನಗುತ್ತಾ ಪಾಠಕ್ಕೆ ಹೊರಟಳು.

ವಿದ್ಯಾರ್ಥಿ ಗೆಳೆಯರೇ, ನಿಮ್ಮ ಬೀದಿ ಕೊನೆಯಲ್ಲೂ ಒಂದು ಸೈಕಲ್ ನಿಂತಿರಬಹುದು. ಇವತ್ತೇ ಹೆಸರು ನೋಂದಾಯಿಸಿ, ಹೆಲ್ಮೆಟ್ ಹಾಕಿ, ಹತ್ತಿ! ಇಳಿದ ಮೇಲೆ ಮಾತ್ರ ಸ್ಟ್ಯಾಂಡಿಗೇ ಬಿಡಿ. ಅಲ್ಲಿ ಇನ್ಯಾರೋ ಪಾಠಕ್ಕೆ ಹೊತ್ತಾಯಿತೆಂದು ದಾರಿ ನೋಡುತ್ತಿರುತ್ತಾರೆ.