ನಾಲ್ಕನೆಯ ಬೋರ್ಡಿಗೆ ಒಂದು ವರದಿ

ನನ್ನ ಅಳಿಯನ ಇನ್ನೂರ ನಲವತ್ತು ಚೆಸ್ ಆಟಗಳನ್ನು ಓದಿ ಮುಗಿಸಿದ ಮಧ್ಯಾಹ್ನ ನಾನು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಮುಟ್ಟಿದ್ದು ಬರೀ ಕಾಗದ. ಆದರೂ ಬೆರಳ ತುದಿಗೆ ಏನೋ ಅಂಟಿದಂತಿತ್ತು. ಊಟದ ನಡುವೆ ಬಾಯಿಗೆ ಕೂದಲು ಸಿಕ್ಕಾಗ ಆಗುತ್ತದಲ್ಲ, ಉಗುಳಲೂ ಆಗದ ನುಂಗಲೂ ಆಗದ ಅಂಥ ಹೇಸಿಗೆ.

ಆ ಕಾಗದಗಳು ನನ್ನ ಮೇಜಿಗೆ ಬಂದದ್ದು ಹೀಗೆ. ನಮ್ಮ ಚೆಸ್ ಕ್ಲಬ್ಬು ಔಷಧಿ ಅಂಗಡಿಯೊಂದರ ಮಹಡಿಯಲ್ಲಿದೆ. ಅಂಗಡಿಯ ಯಜಮಾನರೇ ಅದರ ಕಾರ್ಯದರ್ಶಿ. ಕ್ಲಬ್ಬುಗಳ ನಡುವಿನ ಪಂದ್ಯಕ್ಕೆ ನಮ್ಮಿಂದ ನಾಲ್ವರು ಹೋಗುತ್ತಾರೆ: ನಾಲ್ಕು ಬೋರ್ಡು, ನಾಲ್ಕು ಕುರ್ಚಿ. ಮೂರನೆಯದರಲ್ಲಿ ಇಪ್ಪತ್ತಾರು ವರ್ಷಗಳಿಂದ ನಾನು ಕೂರುತ್ತಿದ್ದೇನೆ. ನನ್ನ ಬಲಪಕ್ಕದ ನಾಲ್ಕನೆಯದರಲ್ಲಿ ಅಷ್ಟೇ ಕಾಲ ಕೂತವರು ನನ್ನ ಗೆಳೆಯರಾದ ಡ್ರಾಯಿಂಗ್ ಮೇಷ್ಟ್ರು. ಕರಿಹಲಗೆಯ ಮೇಲೆ ಸ್ಕೇಲಿಲ್ಲದೆ ಗೆರೆ ಎಳೆದರೆ, ಆಮೇಲೆ ಸ್ಕೇಲು ಹಿಡಿದು ನೋಡಿದವರು ಸ್ಕೇಲನ್ನೇ ಅನುಮಾನಿಸಬೇಕು, ಅಂಥ ಕೈ. ಕಳೆದ ವರ್ಷ ಆ ಕೈಗೆ ನಡುಕ ಬಂತು. ಒಂದು ಪಂದ್ಯದಲ್ಲಿ ಕುದುರೆಯನ್ನು ಎತ್ತಲು ಹೋಗಿ ಅರ್ಧ ಸೈನ್ಯವನ್ನು ಉರುಳಿಸಿ, ಎದುರಾಳಿಯ ಕ್ಷಮೆ ಕೇಳಿ ಎದ್ದು ಹೋದವರು ಮತ್ತೆ ನಮ್ಮ ಮಹಡಿ ಹತ್ತಲಿಲ್ಲ.

ಆ ಖಾಲಿ ಕುರ್ಚಿಯನ್ನು ನನ್ನ ಅಳಿಯ ಬಯಸಿದ್ದರು. ಅವರು ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಪಾಳಿ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಬ್ಲಿಟ್ಸ್ ಆಡುತ್ತಾರೆ. ಒಬ್ಬೊಬ್ಬರಿಗೆ ಇಡೀ ಆಟಕ್ಕೆ ಮೂರೇ ನಿಮಿಷ. ಸಮಯ ತೀರಿದವನು, ಬೋರ್ಡಿನ ಮೇಲೆ ಎಷ್ಟೇ ಗೆಲ್ಲುತ್ತಿರಲಿ, ಸೋತಂತೆ. ಈ ಆಟದಲ್ಲಿ ಅವರ ಅಂಕ ನಮ್ಮ ಕ್ಲಬ್ಬಿನ ಯಾರೂ ಕನಸಿನಲ್ಲಿಯೂ ಕಾಣದಷ್ಟು. ಆದರೆ ನಮ್ಮ ಪಂದ್ಯಗಳು ನಾಲ್ಕು ಗಂಟೆ ಹಿಡಿಯುವಂಥವು. ಅದಕ್ಕೇ ಕಾರ್ಯದರ್ಶಿಗಳು ಆಟಗಳನ್ನೆಲ್ಲ ಅಚ್ಚು ತೆಗೆಸಿ ನನ್ನ ಕೈಗಿತ್ತರು.

"ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫು ತಿದ್ದಿದ ಕಣ್ಣು ನಿಮ್ಮದು. ಬಲ ಏನು, ಎಲ್ಲಿ ಸುಧಾರಿಸಬೇಕು, ಎರಡು ಪುಟ ಬರ್ಕೊಡಿ. ನಾನು ಅದರ ಮೇಲೇ ತೀರ್ಮಾನ ಮಾಡ್ತೀನಿ."

"ಮಾವನ ಕೈಲೇ ಬರೆಸಿದ್ರು ಅಂತ ನಾಳೆ ನಾಲ್ಕು ಜನ ಆಡಿಕೊಳ್ಳಲ್ವಾ?"

"ಮಾವ ಅಳಿಯನ್ನ ಹೊಗಳಿದ್ದು ಯಾರು ಕೇಳಿದ್ದಾರೆ ಸ್ವಾಮಿ? ಧೈರ್ಯವಾಗಿ ಬರೀರಿ," ಎಂದು ಅವರು ಯಾರಿಗೋ ಮಾತ್ರೆ ಎಣಿಸಿಕೊಡತೊಡಗಿದರು.

ಸಂಜೆ ಮಗಳ ಫೋನು ಬಂತು. "ಅಪ್ಪಾ, ಆ ಕೆಂಪು ಪೆನ್ನು ಸ್ವಲ್ಪ ಒಳಗಿಟ್ಟಿರಿ. ಇವರು ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ಇದೊಂದು ಕೇಳಿದ್ದಾರೆ."

ಬಲ ಮೊದಲು ಬರೆದೆ, ಸುಳ್ಳಿಲ್ಲದೆ. ಆರಂಭದ ಹನ್ನೆರಡು ನಡೆಗಳು ಅವರಿಗೆ ಉಸಿರಾಟದಷ್ಟು ಸಲೀಸು. ಕುದುರೆಗಳನ್ನು ನಡೆಸುವುದರಲ್ಲಿ ಒಂದು ದುಷ್ಟ ಸೊಗಸಿದೆ. ಎರಡು ಕಾಯಿಗಳ ಮೇಲೆ ಒಮ್ಮೆಗೇ ಎರಗುವ ಚೌಕ ಅವರಿಗೆ ನಮಗಿಂತ ಮೂರು ನಡೆ ಮುಂಚೆಯೇ ಕಾಣುತ್ತದೆ. ಎದೆಗುಂದುವುದಿಲ್ಲ. ಸೋಲುವ ಆಟದಲ್ಲಿಯೂ ಕೈ ನಿಲ್ಲುವುದಿಲ್ಲ.

ಕೈ ನಿಲ್ಲುವುದಿಲ್ಲ ಎಂದು ಬರೆದಲ್ಲಿಯೇ ನನ್ನ ಪೆನ್ನು ನಿಂತಿತು. ಆಟಗಳ ಕೊನೆಯನ್ನು ಮತ್ತೆ ತಿರುವಿ ನೋಡಿದೆ. ಪ್ರತಿ ನಡೆಯ ಪಕ್ಕದಲ್ಲಿ ಉಳಿದ ಸಮಯವೂ ಅಚ್ಚಾಗಿತ್ತು. ಆನೆ ಕಳೆದುಕೊಂಡು, ರಾಜನಿಗೆ ದಾರಿ ಮುಚ್ಚಿ, ಮರ್ಯಾದಸ್ಥ ಯಾರೇ ಆದರೂ ಕೈ ಚೆಲ್ಲಬೇಕಾದ ಕಡೆ ಇವರು ಎದುರಾಳಿಯ ಗಡಿಯಾರವನ್ನು ನೋಡುತ್ತಾರೆ. ಅಲ್ಲಿ ಎಂಟೋ ಹತ್ತೋ ಸೆಕೆಂಡು ಉಳಿದಿದ್ದರೆ ಅರ್ಥವಿಲ್ಲದ ಚೆಕ್‌ಗಳ ಸುರಿಮಳೆ. ಒಂಟೆಯನ್ನು ಬಾಯಿಗೆ ಎಸೆಯುತ್ತಾರೆ, ಎದುರಾಳಿ ಅದನ್ನು ತಿನ್ನಲು ಎರಡು ಸೆಕೆಂಡು. ಕುದುರೆಯನ್ನು ಎಸೆಯುತ್ತಾರೆ, ಇನ್ನೆರಡು. ನೊಣ ಹೊಡೆಯಲು ಎದ್ದವನು ಬಾಗಿಲ ಹೊರಗೆ ಬೀಳುವವರೆಗೂ ಕಾಡುವ ನೊಣದ ಆಟ. ಆಮೇಲೆ ಗೆಲುವು. ಪುಟ ಪುಟವೂ ಇಂಥದೇ ಗೆಲುವು.

ಅದನ್ನೂ ಸಹಿಸುತ್ತಿದ್ದೆನೇನೋ. ಆದರೆ ಎದುರಾಳಿಯ ಜಾಗದಲ್ಲಿ ಒಂದು ಹೆಸರು ಮತ್ತೆ ಮತ್ತೆ ಬರುತ್ತಿತ್ತು: 'ನೇರಗೆರೆ'. ಅರವತ್ತೊಂದು ಆಟ, ಎಲ್ಲವೂ ಸಂಜೆ ನಾಲ್ಕರ ನಂತರ. ಈ ನೇರಗೆರೆ ದಾಳಿಗೆ ಇಳಿಯುವ ಮೊದಲು ತಪ್ಪದೆ ರಾಜನ ಪಕ್ಕದ ಕಾಲಾಳನ್ನು ಒಂದು ಮನೆ ಸರಿಸುತ್ತಿದ್ದ. 'ರಾಜನಿಗೆ ಒಂದು ಕಿಟಕಿ ತೆಗೆದಿಡಬೇಕು ಕಣಯ್ಯಾ' ಎಂದು ಇಪ್ಪತ್ತಾರು ವರ್ಷ ನನ್ನ ಬಲಕಿವಿಯಲ್ಲಿ ಪಿಸುಗುಟ್ಟಿದ ನಡೆ ಅದು. ಹಸ್ತಪ್ರತಿ ನೋಡಿ ಲೇಖಕನನ್ನು ಹೇಳಬಲ್ಲವನಿಗೆ ಇದು ಕಷ್ಟವಾಗಲಿಲ್ಲ. ಅರವತ್ತೊಂದರಲ್ಲಿ ನಲವತ್ತೊಂಬತ್ತನ್ನು ಮೇಷ್ಟ್ರು ಗಡಿಯಾರಕ್ಕೆ ಸೋತಿದ್ದರು. ಅವುಗಳಲ್ಲಿ ಹೆಚ್ಚಿನವು ಗೆಲ್ಲುತ್ತಿದ್ದ ಆಟಗಳು. ಕೆಲವಂತೂ ಅಚ್ಚು ಹಾಕಿಸಿ ಗೋಡೆಗೆ ತೂಗಬೇಕಾದವು.

ಕೈ ತೊಳೆದದ್ದು ಆಗ.

ರಜೆಯ ದಿನ ಅಳಿಯ ಮನೆಗೆ ಬಂದರು. ಊಟವಾದ ಮೇಲೆ ಕಿತ್ತಳೆ ಸುಲಿಯುತ್ತ ಕೂತಿದ್ದರು. ತೊಳೆಗೆ ಅಂಟಿದ ಬಿಳಿ ನಾರನ್ನು ಒಂದೊಂದಾಗಿ, ಅವಸರವಿಲ್ಲದೆ ಬಿಡಿಸಿ ತಟ್ಟೆಯಂಚಿನಲ್ಲಿ ಸಾಲಾಗಿ ಇಡುತ್ತಿದ್ದರು. ನಾನು ಕಾಗದವನ್ನು ಮುಂದಿಟ್ಟೆ.

"ಇವರು ಯಾರು ಅಂತ ನಿಮಗೆ ಗೊತ್ತಾ?"

"ಗೊತ್ತು ಮಾವ. ಡ್ರಾಯಿಂಗ್ ಮೇಷ್ಟ್ರು."

ಗೊತ್ತಿಲ್ಲ ಎನ್ನಲಿ ಎಂದು ನಾನು ಎಷ್ಟು ಹಂಬಲಿಸಿದ್ದೆನೆಂಬುದು ಆಗ ನನಗೆ ತಿಳಿಯಿತು.

"ಬಿದ್ದು ಮಣಿಕಟ್ಟು ನೋಯಿಸ್ಕೊಂಡು ಬಂದಿದ್ರಲ್ಲ, ಎಕ್ಸ್-ರೇ ತೆಗೆದವನು ನಾನೇ. ಮೂರು ಸಲ ತೆಗೀಬೇಕಾಯ್ತು, ಅಲ್ಲಾಡಿ ಮಸುಕಾಗ್ತಿತ್ತು. ಆಗ ಮಾತಿನ ಮಧ್ಯೆ, ಇಂಥ ಹೆಸರಲ್ಲಿ ಆಡ್ತೀನಿ ಅಂದ್ರು."

"ಅದನ್ನ ನೋಡಿದ ಮೇಲೂ ಮೂರು ನಿಮಿಷದ ಆಟ ಆಡಿದ್ರಿ."

"ಆಟಕ್ಕೆ ಕರೆಯೋದು ಅವರೇ. ಎಷ್ಟು ನಿಮಿಷ ಅಂತ ಆರಿಸೋದೂ ಅವರೇ." ಒಂದು ತೊಳೆಯನ್ನು ನನ್ನ ಕಡೆ ಚಾಚಿದರು. "ಗಡಿಯಾರಾನೂ ಒಂದು ಕಾಯಿ ಮಾವ. ಅವರ ಹತ್ರ ಅದು ಕಮ್ಮಿ, ನನ್ನ ಹತ್ರ ಜಾಸ್ತಿ. ನಿಮ್ಮ ಹತ್ರ ಒಂದು ಆನೆ ಜಾಸ್ತಿ ಇದ್ರೆ ವಾಪಸ್ ಕೊಡ್ತೀರಾ? ಕೈ ನಡುಗೋರು ಪಾಪ ಅಂತ ನಾನು ಬೇಕೂಂತ ಸೋತ್ರೆ, ಅದು ಅವರಿಗೆ ಅವಮಾನ ಅಲ್ವಾ?"

ಆ ಸ್ಥಿರವಾದ ಬೆರಳುಗಳ ತುದಿಯಲ್ಲಿ ಹೊಳೆಯುತ್ತಿದ್ದ ತೊಳೆಯನ್ನು ತಿನ್ನಲು ನನ್ನಿಂದ ಆಗಲಿಲ್ಲ.

ಮರುದಿನ ಮೇಷ್ಟ್ರ ಮನೆಗೆ ಹೋದೆ. ಕಿಟಕಿಯ ಪಕ್ಕ ಕಂಪ್ಯೂಟರು; ಮೌಸಿನ ಬದಿಗೆ ಮರಳು ತುಂಬಿ ಹೊಲಿದ ಬಟ್ಟೆಯ ಪಟ್ಟಿ. ಆಡುವಾಗ ಅದನ್ನು ಮಣಿಕಟ್ಟಿಗೆ ಸುತ್ತಿಕೊಂಡರೆ ಕೈ ಸ್ವಲ್ಪ ನಿಲ್ಲುತ್ತದಂತೆ. ಟೀಯನ್ನು ಎರಡೂ ಕೈಯಲ್ಲಿ ಹಿಡಿದು, ಲೋಟದ ಬಳಿಗೆ ತಾವೇ ಬಾಗಿ ಕುಡಿದರು. ನಾನು ವಿಷಯ ಹೇಳಿದೆ.

"ಗೊತ್ತು ಕಣಯ್ಯಾ, ನಿನ್ನ ಅಳಿಯ ಅಂತ. ಅಷ್ಟು ಹೊಲಸಾಗಿ ಆಡೋನು ಇನ್ಯಾರು?" ಎಂದು ನಕ್ಕರು.

"ಹದಿನೈದು ನಿಮಿಷದ ಆಟ ಇಡಬಾರದಾ ಮೇಷ್ಟ್ರೇ?"

"ಮೂರೂವರೆಗೆ ಮಾತ್ರೆ ತಗೋತೀನಿ. ನಾಲ್ಕಕ್ಕೆ ಕೈ ನನ್ನ ಮಾತು ಕೇಳೋಕೆ ಶುರು ಮಾಡುತ್ತೆ. ಅರ್ಧ ಗಂಟೆ ಕೇಳುತ್ತೆ, ಆಮೇಲೆ ಅದು ಯಾರದೋ ಕೈ. ಆ ಅರ್ಧ ಗಂಟೇಲಿ ಒಂದು ಆಟ ಆಡಲೋ, ನಾಲ್ಕು ಆಡಲೋ? ಅವನು ದಿನಾ ನಾಲ್ಕಕ್ಕೆ ಸರಿಯಾಗಿ ಬರ್ತಾನೆ. ಬೇರೆ ಯಾರು ಬರ್ತಾರೆ ಹೇಳು. ನೀನು ಬಂದದ್ದು ಎಷ್ಟು ತಿಂಗಳಾಯ್ತು?"

ನಾನು ಲೋಟದೊಳಗೆ ನೋಡಿದೆ. ಅಲ್ಲಿ ಟೀ ಇರಲಿಲ್ಲ.

"ಅದನ್ನ ವರದೀಲಿ ಬರೀಬೇಡ," ಎಂದರು ಮೇಷ್ಟ್ರು. "ಅವನಿಗೆ ನಾಚಿಕೆ ಆಗಿಬಿಡುತ್ತೆ. ನಾಚಿಕೆ ಆದೋನು ಬರಲ್ಲ."

ಆದರೂ ಬರೆದೆ. ಇಷ್ಟು ಕಾಲ ತಪ್ಪು ಕಂಡಲ್ಲಿ ಗೀಟು ಎಳೆದ ಕೈ ಇದು; ಎಳೆಯದಿದ್ದರೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. 'ಸುಧಾರಿಸಬೇಕಾದದ್ದು' ಎಂಬ ತಲೆಬರಹದ ಕೆಳಗೆ ಹೀಗಿತ್ತು: 'ಈ ಆಟಗಾರರು ಬೋರ್ಡನ್ನು ನೋಡುವುದಿಲ್ಲ, ಎದುರಾಳಿಯ ದೌರ್ಬಲ್ಯವನ್ನು ನೋಡುತ್ತಾರೆ. ಅನಾರೋಗ್ಯದಿಂದ ಕೈ ನಡುಗುವ ಹಿರಿಯರೊಬ್ಬರನ್ನು, ತಿಳಿದೂ ತಿಳಿದೂ, ಗಡಿಯಾರದಿಂದ ನಲವತ್ತೊಂಬತ್ತು ಸಲ ಸೋಲಿಸಿದ್ದಾರೆ. ಆ ಹಿರಿಯರು ಕೂತಿದ್ದ ಕುರ್ಚಿಯಲ್ಲಿ ಇವರನ್ನು ಕೂರಿಸಲು ನನ್ನ ಸಮ್ಮತಿಯಿಲ್ಲ.' ವಾಕ್ಯಗಳು ಚೆನ್ನಾಗಿ ಬಂದಿದ್ದವು. ಎರಡನೆಯ ಸಲ ಓದುವಾಗ ಅವು ಚೆನ್ನಾಗಿ ಬಂದಿವೆ ಎಂದು ಸುಖಪಟ್ಟ ನಾನು ಎದ್ದು ಹೋಗಿ ಮತ್ತೊಮ್ಮೆ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಆದರೂ ಮಡಿಸಿ ಲಕೋಟೆಗೆ ಹಾಕಿದೆ.

ಕುರ್ಚಿ ನಮ್ಮ ಕ್ಲಬ್ಬಿನಲ್ಲೇ ಆಡುವ ಬೇಕರಿಯವರೊಬ್ಬರಿಗೆ ಹೋಯಿತು. ಮಗಳು ಫೋನಿನಲ್ಲಿ, "ಸರಿ ಅಪ್ಪಾ," ಎಂದಷ್ಟೇ ಅಂದಳು. ಅವಳ ಸಿಟ್ಟು ಚಿಕ್ಕಂದಿನಿಂದಲೂ ಇಷ್ಟೇ ಉದ್ದ. ಅಳಿಯ ನಾಲ್ಕು ಗಂಟೆಗೆ ಬೆಂಚಿನ ಮೇಲೆ ಕೂರುವುದನ್ನು ನಿಲ್ಲಿಸಿದರು.

ನಾಲ್ಕನೆಯ ದಿನ ಮೇಷ್ಟ್ರು ಫೋನು ಮಾಡಿದರು. "ಬರೆದೆ ಅಂತ ಕಾಣುತ್ತೆ," ಎಂದು ಇಟ್ಟುಬಿಟ್ಟರು.

ಮರುದಿನ ಮಧ್ಯಾಹ್ನ ಪಕ್ಕದ ಮನೆಯ ಗುಮಾಸ್ತರನ್ನು ಕರೆಸಿ, ಇವರಿಬ್ಬರೂ ಆಡುವ ಚೆಸ್ ಜಾಲತಾಣದಲ್ಲಿ ಒಂದು ಖಾತೆ ತೆರೆಸಿ, ಬಾಯಿಗೆ ಬಂದ ಹೆಸರು ಇಟ್ಟು, ನಾಲ್ಕಕ್ಕೆ ಸರಿಯಾಗಿ ಕಂಪ್ಯೂಟರಿನ ಮುಂದೆ ಕೂತೆ. ನೇರಗೆರೆ ಕಾಯುತ್ತಿದ್ದ. ನಾನು ನಿರ್ಧರಿಸಿಯೇ ಕೂತಿದ್ದೆ: ಗೆದ್ದರೆ ಬೋರ್ಡಿನ ಮೇಲೆ ಗೆಲ್ಲುವುದು, ಸೋಲು ಕಂಡರೆ ತಕ್ಷಣ ಒಪ್ಪಿಕೊಳ್ಳುವುದು. ಇದು ಆಟವಲ್ಲ, ನನ್ನ ಗೆಳೆಯರ ಅರ್ಧ ಗಂಟೆ.

ಮೇಷ್ಟ್ರು ರಾಜನಿಗೆ ಕಿಟಕಿ ತೆಗೆದರು. ಆಮೇಲೆ ಇಪ್ಪತ್ತನೆಯ ನಡೆಯಲ್ಲಿ ಒಂದು ಕುದುರೆಯನ್ನು ಬಲಿಕೊಟ್ಟರು. ಅದನ್ನು ತಿಂದ ಮೇಲೆ ನನ್ನ ಇಡೀ ಎಡಪಕ್ಕ ಒದ್ದೆ ಗೋಡೆಯಂತೆ ಕುಸಿಯುತ್ತ ಬಂತು. ಕುದುರೆಗೆ ಬದಲು ಎರಡೂ ಆನೆಗಳನ್ನು ಕಳೆದುಕೊಂಡೆ. ಇನ್ನು ಮೂರು ನಡೆಯಲ್ಲಿ ಮೇಟ್, ತಪ್ಪಿಸಿಕೊಳ್ಳುವ ದಾರಿಯಿಲ್ಲ. ಎಷ್ಟು ಚೆಲುವಾಗಿತ್ತೆಂದರೆ, ಎರಡು ಸೆಕೆಂಡು ಸುಮ್ಮನೆ ನೋಡಿದೆ. ಸೋಲೊಪ್ಪುವ ಗುಂಡಿಯ ಕಡೆಗೆ ಮೌಸನ್ನು ಸರಿಸಿದೆ. ಆ ದಾರಿಯಲ್ಲಿ ಅವರ ಗಡಿಯಾರ ಕಣ್ಣಿಗೆ ಬಿತ್ತು. ಏಳು ಸೆಕೆಂಡು.

ನನ್ನ ಮಂತ್ರಿ ಹೋಗಿ ಅವರ ರಾಜನ ಮಗ್ಗುಲಿಗೇ ನಿಂತು ಚೆಕ್ ಕೊಟ್ಟಿತು. ಅದನ್ನು ತಿನ್ನದೆ ಅವರಿಗೆ ಬೇರೆ ದಾರಿಯಿರಲಿಲ್ಲ. ತಿಂದಾಗ ನಾಲ್ಕು ಸೆಕೆಂಡು ಉಳಿದಿತ್ತು. ಒಂಟೆ ಹೋಗಿ ಚೆಕ್ ಕೊಟ್ಟಿತು. ಮೂರು, ಎರಡು. ಮೇಷ್ಟ್ರ ಮನೆಯಲ್ಲಿ ಮರಳಿನ ಪಟ್ಟಿ ಸುತ್ತಿದ ಕೈಯೊಂದು ಒಂದೇ ಚೌಕದ ಮೇಲೆ ನಿಲ್ಲಲು ಒದ್ದಾಡುತ್ತಿದ್ದುದು, ಕಾಣಿಸದಿದ್ದರೂ, ನನಗೆ ಕಾಣುತ್ತಿತ್ತು. ಸೊನ್ನೆ. ತೆರೆಯ ತುಂಬ ಬಣ್ಣದ ಚೂರುಗಳು ಉದುರಿ, 'ನೀವು ಗೆದ್ದಿರಿ' ಎಂಬ ಅಕ್ಷರಗಳು ಮೂಡಿದವು.

ಫೋನು ರಿಂಗಾಯಿತು.

"ನೀನೇ ತಾನೆ?" ಎಂದರು ಮೇಷ್ಟ್ರು. "ಐದನೇ ನಡೆಗೇ ಗೊತ್ತಾಯ್ತು. ಮೂರು ನಡೇಲಿ ಮೇಟ್ ಇತ್ತು, ನೋಡಿದ್ಯಾ?"

"ನೋಡಿದೆ."

"ನೋಡಿ ಆಮೇಲೆ ಕೊಟ್ಟೆಯಾ ಚೆಕ್?"

"ಹೂಂ."

ಆ ಕಡೆ ಲೋಟವೊಂದು ಮೇಜಿನ ಮೇಲೆ ಕಟಕಟನೆ ಸದ್ದು ಮಾಡಿ ನಿಂತಿತು. "ನಿನ್ನ ಅಳಿಯ ಮೊದಲಿಗೇ ಮಂತ್ರಿ ಎಸೀತಿರಲಿಲ್ಲ. ಒಂಟೆಯಿಂದ ಶುರು ಮಾಡ್ತಿದ್ದ. ಅವನದು ಸ್ವಲ್ಪ ನಾಜೂಕು." ಗೋಡೆಯ ಗಡಿಯಾರ ನೋಡಿಕೊಂಡರೇನೋ. "ಇನ್ನೂ ಇಪ್ಪತ್ತು ನಿಮಿಷ ಕೈ ನೆಟ್ಟಗಿರುತ್ತೆ. ಇನ್ನೊಂದು ಆಡ್ತೀಯಾ, ಇಲ್ಲಾ ಅವನನ್ನೇ ಕಳಿಸ್ತೀಯಾ?"

ಆಡುತ್ತೇನೆ ಎಂದೆ. ಮೌಸಿನ ಮೇಲಿದ್ದ ನನ್ನ ಬಲಗೈಯನ್ನು ನೋಡಿದೆ. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ.