ಇಪ್ಪತ್ತನಾಲ್ಕು ಎಡಗಾಲು

"ಏ ಬೋಸುಡಿ ಮಗನ, ಹೊಸ್ತಿಲ ಮ್ಯಾಲ ಕಾಲಿಟ್ಟಿ ಅಂದ್ರ ಮುರೀತೀನಿ ನೋಡು!" ಉಸ್ತಾದ ಜಗದೇವಪ್ಪ ಗಾದಿಯ ಮೇಲಿಂದಲೇ ಕಿರುಚಿದ.

ಸಮಗಾರ ದೌಲಪ್ಪ ಎತ್ತಿದ ಕಾಲನ್ನು ಹಿಂದೆಳೆದುಕೊಂಡ. "ಎದುರು ಕುಂತು ತೋರಿಸಿದ್ರ ಎಡ-ಬಲ ಅದಲುಬದಲು ಆಗ್ತದರೀ ಧಣಿ. ಹುಡುಗರ ಬಾಜೂಕ ಕುಂತ್ರ..."

"ಬಾಜೂಕ ಕುಂದ್ರತಾನಂತ! ನಾಳಿ ತೊಡೀ ಮ್ಯಾಲ ಕುಂದ್ರತೀನಂತಿ. ಅಂಗಳದಾಗ ಬೀಳಲೇ."

ಓದುವ ಹುಡುಗರು ಕೈಕಸುಬೂ ಕಲಿಯಬೇಕೆಂದು ಹೈದರಾಬಾದಿನಿಂದ ಹುಕುಂ ಬಂದಿತ್ತು. ಹಾಗಾಗಿ ಕಮಲಾಪುರದ ಶಾಲೆಗೂ ಕಸುಬು ಕಲಿಸುವ ಕಲಬುರ್ಗಿಯ ಹುನ್ನರ ಶಾಲೆಗೂ ನಂಟು ಬೆಳೆದು, ಕಮಲಾಪುರದ ಹನ್ನೆರಡು ಹುಡುಗರು ಎರಡು ತಿಂಗಳ ಮಟ್ಟಿಗೆ ಕಲಬುರ್ಗಿಗೆ ಬಂದಿಳಿದಿದ್ದರು. ಬಡಿಗತನದ ಹತ್ಯಾರ ಬರಬೇಕಿತ್ತು, ಬಂದದ್ದು ಚಪ್ಪಲಿ ಹೊಲಿಯುವ ಹತ್ಯಾರ. ಕಮಲಾಪುರದ ಗೌಡ ತನ್ನ ಭಾವಮೈದ ಜಗದೇವಪ್ಪನನ್ನು ಉಸ್ತಾದನನ್ನಾಗಿ ಮಾಡಿಸಿದ. ಚಪ್ಪಲಿಯ ಬಗ್ಗೆ ಆ ಮಹಾರಾಯನಿಗೆ ಗೊತ್ತಿದ್ದದ್ದು ಒಂದೇ, ಮೆಟ್ಟುವುದು. ಆದ್ದರಿಂದ ಗೌಡನ ಮನೆಗೆ ಬಿಟ್ಟಿ ಹೊಲಿಯುತ್ತಿದ್ದ ದೌಲಪ್ಪನನ್ನು ಬಂಡಿಯ ಹಿಂದೆ ನಡೆಸಿಕೊಂಡು ಬಂದರು. ವಿಭೂತಿ ನೀರು ಚಿಮುಕಿಸಿದರೆ ಚರ್ಮ ಶುದ್ಧವಾಗುತ್ತಿತ್ತು. ದೌಲಪ್ಪ ಮಾತ್ರ ಎಷ್ಟು ಚಿಮುಕಿಸಿದರೂ ಆಗುತ್ತಿರಲಿಲ್ಲ.

ಅವನಿಗೂ ಒಂದು ಆಸೆಯಿತ್ತು. ಕಲಿಸಿದವನಿಗೆ ಸರಕಾರ ಮೊಹರು ಒತ್ತಿದ ಉಸ್ತಾದನ ಸನದು ಪತ್ರ ಕೊಡುತ್ತದೆ, ಸನದು ಇದ್ದವನನ್ನು ಯಾವ ಗೌಡನೂ ಬಿಟ್ಟಿಗೆ ಹಿಡಿಯುವಂತಿಲ್ಲ ಎಂದು ಶಾಲೆಯ ಕಸ ಗುಡಿಸುವ ಅಕ್ಬರಿ ಬೇಗಂ ಹೇಳಿದ್ದಳು. ಅಪ್ಪ, ಅಜ್ಜ ಇಬ್ಬರೂ ಬಿಟ್ಟಿಯಲ್ಲೇ ಬೆನ್ನು ಬಾಗಿ ಸತ್ತಿದ್ದರು. ತನ್ನದಾದರೂ ನೆಟ್ಟಗಾಗಲಿ ಎಂದು ಅವನು ಬಿಸಿಲಲ್ಲಿ ಕುಳಿತು ಕಲಿಸಿದ.

ಬಲಗಾಲು ಶುಭವೆಂದು ಬಲಗಾಲಿನವು ಹುಡುಗರ ಪಾಲಿಗೆ, ಎಡಗಾಲಿನವು ಹನ್ನೆರಡೂ ದೌಲಪ್ಪನ ಪಾಲಿಗೆ. ಬಲಗಾಲಿನದು ಹೀಗೆ ಎಂದು ಅವನು ಹೆಬ್ಬೆರಳ ಕುಣಿಕೆಯನ್ನು ತನ್ನ ಎಡಕ್ಕೆ ಇಟ್ಟು ತೋರಿಸಿದರೆ, ಎದುರಿಗಿದ್ದ ಹುಡುಗರು ಕಂಡ ಹಾಗೆಯೇ ತಮ್ಮ ಬಲಕ್ಕೆ ಹೊಲಿದರು. ತಿರುವುಮುರುವಾಯಿತೆಂದು ದೌಲಪ್ಪ ಕೂಗಿ ಹೇಳಿದ. ಬಾಯಿ ಮುಚ್ಚು ಎಂದ ಜಗದೇವಪ್ಪ. ಅವನು ತನ್ನ ಪಾಲಿನವನ್ನು ಹೊಲಿದ. ಹೈದರಾಬಾದಿನಿಂದ ತನಿಖೆಗೆ ಬರುವ ಸಾಹೇಬರಿಗಿಂತ ಮೊದಲು ಮೆಟ್ಟುವುದು ಬೇಅದಬಿ, ಅಮರ್ಯಾದೆಯೆಂದು ಯಾರೂ ಮೆಟ್ಟಿಯೂ ನೋಡಲಿಲ್ಲ.

ಸಾಹೇಬರು ಮುನ್ಶಿಯೊಂದಿಗೆ ಬಂದರು. "ಕಲಿಸಿದವರು ಯಾರು?"

"ನಾನಽರೀ ಹುಜೂರ್! ಬೆವರು ಸುರಿಸಿ ಕಲಿಸೀನಿ."

ಸಾಹೇಬರು ಒಂದು ಜೋಡಿ ಮೆಟ್ಟಿ ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಮುಗ್ಗರಿಸಿ ಜಗದೇವಪ್ಪನ ತೊಡೆಯ ಮೇಲೆ ಬಂದು ಕುಳಿತರು. ರಾಶಿ ಕೆದರಿ ನೋಡಿದರೆ ಇಪ್ಪತ್ತನಾಲ್ಕೂ ಎಡಗಾಲಿನವು.

"ಯಾವ ಗಧಾ ಕಲಿಸ್ಯಾನ ಇದು?"

"ನಾ ಅಲ್ರೀ ಹುಜೂರ್! ಶರಣಬಸಪ್ಪನಾಣಿ, ಎಲ್ಲಾ ಕಲಿಸಿದಾವ ಈ ಸೂಳೆಮಗ ದೌಲ್ಯಾ. ನಾ ಒಂದು ಹೊಲಿಗಿ ಸೈತ ಹಾಕಿಲ್ಲ!"

ಅಂಗಳದಲ್ಲಿ ದೌಲಪ್ಪ ಎದ್ದು ನಿಂತ. ಎರಡು ತಿಂಗಳಿಂದ ಕಾದ ಮಾತು ಬೈಗುಳದ ಜೊತೆಗಾದರೂ ಬಂದಿತ್ತು. "ಬರಕೊಳ್ರೀ ಸಾಹೇಬ್ರ. ಉಸ್ತಾದ ಸಮಗಾರ ದೌಲಪ್ಪ, ಊರು ಕಮಲಾಪುರ."

"ಬರಿ," ಸಾಹೇಬರು ಮುನ್ಶಿಗೆ ಗದರಿದರು. "ಸಜಾ ಕೊಡಲಿಕ್ಕಾದರೂ ಹೆಸರು ಬೇಕು."

ಮುನ್ಶಿ ಬರೆದ. ದೌಲಪ್ಪ ಹೊಸ್ತಿಲು ದಾಟಿ ಬಂದು ಹುಡುಗರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ.

"ಹೊರಗ ಎಳೀರಲೇ ಅವನ್ನ!" ಜಗದೇವಪ್ಪ ತೋಳು ಚಾಚಿ ನುಗ್ಗಿದ. ಒಂದು ಗೇಣು ದೂರದಲ್ಲಿ ಕೈಗಳು ನಿಂತುಬಿಟ್ಟವು. ಎಳೆಯಬೇಕಾದರೆ ಮುಟ್ಟಬೇಕು. ಅವನು ಹುಡುಗರ ಕಡೆ ನೋಡಿದ. ಹುಡುಗರು ಅವನ ಕಡೆ ನೋಡಿದರು.

"ಬಲಗಾಲು ಕೊಡ್ರೀ ಸಾಹೇಬ್ರ," ಎಂದ ದೌಲಪ್ಪ, "ಅಳತಿ ತಗೋತೀನಿ."