ಮೂಗಿಗೆ ಬಡಿಯದ ಪೆಟ್ರೋಲು

ಹೊಲಿದು ಮುಗಿಸಿದ ಸೀಟು ಕವರುಗಳನ್ನು ಹೆಗಲಿಗೇರಿಸಿಕೊಂಡು ಅವಳು ಗ್ಯಾರೇಜಿನ ಬಾಗಿಲಿಗೆ ಬಂದಳೋ ಇಲ್ಲವೋ, ಪೆಟ್ರೋಲಿನ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಗ್ಯಾರೇಜೆಂದ ಮೇಲೆ ವಾಸನೆ ಇದ್ದದ್ದೇ. ಆದರೆ ಇದು ಕಣ್ಣಲ್ಲಿ ನೀರು ತರಿಸುವಂಥ ಘಾಟು. ಒಳಗೆ ಅವಳ ಗಂಡ ಹಳೇ ಕಾರೊಂದರ ಹಿಂದಿನ ಸೀಟು ಎತ್ತಿಟ್ಟು, ಅದರಡಿಯ ಟ್ಯಾಂಕಿಗೆ ಹೊಸ ಪಂಪು ಕೂರಿಸಿ, ಬ್ಯಾಟರಿಯ ವೈರು ತಾಗಿಸುವುದರಲ್ಲಿದ್ದ.

"ರೀ, ಬಿಡ್ರೀ ಅದನ್ನ! ಕೈ ತೆಗೀರಿ!"

ಅವನು ಬೆಚ್ಚಿ ವೈರನ್ನು ಹಿಂದಕ್ಕೆಳೆದ. "ಏನಾಯ್ತೇ? ಟ್ಯಾಂಕು ತುಂಬ್ಸಿದೀನಿ, ಮೀಟರಿನ ಮುಳ್ಳು ಪೂರ್ತಿ ಏಳುತ್ತಾ ನೋಡೋಣ ಅಂತಿದ್ದೆ."

ಅವಳು ಬಗ್ಗಿ ನೋಡಿದಳು. ಟ್ಯಾಂಕಿನ ಮುಚ್ಚಳದ ಸುತ್ತಿನಿಂದ ಜಿನುಗಿದ ಪೆಟ್ರೋಲು ಕಾರಿನಡಿಯ ನೆಲವನ್ನು ತೋಯಿಸಿತ್ತು.

"ಇಷ್ಟು ಘಾಟು ಹೊಡೀತಿದೆ, ನಿಮಗೆ ಗೊತ್ತಾಗ್ಲಿಲ್ವಾ?"

ಅವನು ವೈರನ್ನು ದೂರಕ್ಕೆ ಸರಿಸಿದ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. "ಜ್ವರ ಬಂತಲ್ಲ, ಆಮೇಲಿಂದ ಯಾವ ವಾಸನೇನೂ ಬರ್ತಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಸುಮ್ಮನಿದ್ದೆ."

ಮೊನ್ನೆ ಅವನು ಒಲೆಯ ಪಕ್ಕದಲ್ಲೇ ನಿಂತಿದ್ದೂ ಹಾಲು ಸೀಯಿಸಿದ್ದಕ್ಕೆ ಅವಳು ಬಾಯಿಗೆ ಬಂದಂತೆ ಬೈದಿದ್ದಳು. ಆಗಲೂ ಬಾಯಿ ಬಿಟ್ಟಿರಲಿಲ್ಲ ಈ ಮನುಷ್ಯ.

"ನನ್ನ ಹತ್ರನಾದ್ರೂ ಹೇಳಬಾರದಿತ್ತಾ?"

"ಮೆಕ್ಯಾನಿಕ್ಕಿಗೆ ಮೂಗಿಲ್ಲ ಅಂತ ಊರಿಗೆಲ್ಲ ಗೊತ್ತಾದ್ರೆ ಯಾರು ಗಾಡಿ ಕೊಡ್ತಾರೆ?"

"ಅದಿರಲಿ. ಜ್ವರ ಬಿಟ್ಟ ಮೇಲೆ ಬೇರೆ ಯಾವ ಟ್ಯಾಂಕು ಬಿಚ್ಚಿದ್ರಿ?"

ಅವನ ಮುಖ ಬಿಳಿಚಿತು. "ಡ್ರಾಯಿಂಗ್ ಮೇಷ್ಟ್ರದ್ದು. ಅದಕ್ಕೂ ಹಳೇ ರಿಂಗೇ ಹಾಕಿದೀನಿ."

ಪೆಟ್ರೋಲು ಕುಡಿದು ಉಬ್ಬಿದ ಹಳೇ ರಬ್ಬರ್ ರಿಂಗು ಹೊಸ ಪಂಪಿನ ಸುತ್ತ ಕೆಲವೊಮ್ಮೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಮೊದಲೆಲ್ಲ ಅವನು ಬಗ್ಗಿ ಮೂಸಿ ನೋಡದೆ ಯಾವ ಗಾಡಿಯನ್ನೂ ಹೊರಗೆ ಬಿಟ್ಟವನಲ್ಲ.

ಮೇಷ್ಟ್ರು ಫೋನು ಎತ್ತಲಿಲ್ಲ. ಜಿನುಗಿದ್ದನ್ನು ಬಟ್ಟೆಯಿಂದ ಒರೆಸಿ, ಕಿಟಕಿ ಬಾಗಿಲು ತೆರೆದಿಟ್ಟು, ಪಕ್ಕದ ಟೈರಿನಂಗಡಿಯವನನ್ನು ಕಾವಲಿಗೆ ನಿಲ್ಲಿಸಿ ಇಬ್ಬರೂ ಸ್ಕೂಟರ್ ಹತ್ತಿದರು. ದಾರಿಯಲ್ಲಿ ಹೊಸ ರಿಂಗುಗಳನ್ನು ಕೊಂಡರು.

ಮೇಷ್ಟ್ರ ಕಾರು ಇದ್ದದ್ದು ಅಡುಗೆಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ. ಬಾಗಿಲು ತೆಗೆದ ಅವರ ಹೆಂಡತಿಯ ಹಿಂದಿನಿಂದಲೇ ಘಾಟು ಹೊರಗೆ ಬಂತು.

"ಎರಡು ದಿನದಿಂದ ತಲೆನೋವು ಕಣಮ್ಮ. ಇವರು ಬಣ್ಣ ಕಲಸೋ ಎಣ್ಣೆ ವಾಸನೆ ಅಂತ ಬೈತಾನೇ ಇದೀನಿ," ಎಂದರು ಆಕೆ. ಒಲೆಯ ಮೇಲೆ ಏನೋ ಕುದಿಯುತ್ತಿತ್ತು.

ಇವಳು ಓಡಿಹೋಗಿ ಒಲೆ ಆರಿಸಿ, ಕಿಟಕಿಗಳನ್ನೆಲ್ಲ ತೆರೆದಳು. ಗದ್ದಲಕ್ಕೆ ಮೇಷ್ಟ್ರು ಕುಂಚ ಹಿಡಿದುಕೊಂಡೇ ಬಂದರು. ವಿಷಯ ಅರ್ಧ ಕೇಳಿ ಕೀಲಿಗೆ ಕೈಹಾಕಿದರು. "ತಡೀರಿ, ಸ್ಟಾರ್ಟ್ ಮಾಡಿ ಹೊರಗೆ ತರ್ತೀನಿ."

"ಬೇಡ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಕಿಡಿ ಹಾರಿದ್ರೂ ಸಾಕು!" ಎಂದು ಅವನು ಅಡ್ಡ ನಿಂತ.

ನಾಲ್ವರೂ ಸೇರಿ ಕಾರನ್ನು ಬೀದಿಗೆ ತಳ್ಳಿದರು. ಅವನು ಅಲ್ಲೇ ಸೀಟು ಕಿತ್ತು ರಿಂಗು ಬದಲಾಯಿಸಿದ. ಕೆಲಸ ಮುಗಿದ ಮೇಲೆ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ.

ಮೇಷ್ಟ್ರು ಅಡುಗೆಮನೆಯ ಕಿಟಕಿಯತ್ತ ತಿರುಗಿದರು. "ಒಲೆ ಮುಂದೆ ನಿಂತಿದ್ದೋಳು ನನ್ನ ಹೆಂಡತಿ ಕಣಯ್ಯಾ," ಎಂದರು. ಕೀಲಿ ಜೇಬಿಗಿಳಿಸಿ ಒಳಗೆ ಹೋದರು. ಇವರಿಬ್ಬರೂ ಬೀದಿಯಲ್ಲಿ ಹಾಗೇ ನಿಂತರು.

ಹಿಂದಿರುಗುವಾಗ ಅವನೆಂದ, "ಇನ್ನು ಬ್ರೇಕು, ಕ್ಲಚ್ಚು ಅಷ್ಟೇ. ಟ್ಯಾಂಕು ಮುಟ್ಟಲ್ಲ."

"ಮೊದಲು ಡಾಕ್ಟರ ಹತ್ರ ಹೋಗೋಣ."

"ವಾಸನೆ ವಾಪಸ್ ಬರದೇ ಹೋದ್ರೆ?"



ಗ್ಯಾರೇಜಿನಲ್ಲಿದ್ದ ಕಾರನ್ನು ಹಾಗೇ ಬಿಡುವಂತಿರಲಿಲ್ಲ. ಅವನು ಒಂದಷ್ಟು ಪೆಟ್ರೋಲು ಹೊರತೆಗೆದು, ಹೊಸ ರಿಂಗು ಕೂರಿಸಿ, ಮುಚ್ಚಳ ಬಿಗಿದು ಪಕ್ಕಕ್ಕೆ ಸರಿದ. ಅವಳು ಸೆರಗು ಸಿಕ್ಕಿಸಿಕೊಂಡು ಟ್ಯಾಂಕಿನ ಮೇಲೆ ಬಗ್ಗಿದಳು. ಅವನು ಅವಳ ಮುಖವನ್ನೇ ನೋಡುತ್ತ ನಿಂತ.

"ಈ ಕಡೆ ಇನ್ನೂ ವಾಸನೆ ಬರ್ತಿದೆ ಕಣ್ರೀ," ಎಂದಳು.

ಅವನು ತಲೆಯಾಡಿಸಿ ಮತ್ತೆ ಸ್ಪ್ಯಾನರ್ ಎತ್ತಿಕೊಂಡ.